ಅಕ್ಷರ ಸಾಗಿಸುವ ಐತವಾರ

ರೋಣದಲ್ಲಿ ಐತವಾರ. ತಹಶೀಲ್ದಾರ ಕಚೇರಿಗೆ ರಜೆ. ಎದುರಿನ ಟೈಪಿಂಗ್ ಅಂಗಡಿಗಳ ಸಾಲಿನಲ್ಲಿ ಒಂದೇ ಒಂದು ಷಟರ್ ಸೊಂಟದ ಮಟ್ಟಕ್ಕೆ ಎದ್ದಿದೆ. ಬಗ್ಗಿ ಒಳಗೆ ಬನ್ನಿ, ತಲೆ ಜೋಪಾನ. ಎಡಗಡೆ ಗೋಡೆಗೆ ಲೀಗಲ್ ಸೈಜಿನ ಕಾಗದದ ಕಟ್ಟುಗಳು, ಅವುಗಳ ಮೇಲೆ ಹೆಬ್ಬೆಟ್ಟಿನ ಇಂಕ್ ಪ್ಯಾಡು, ಪಿನ್ನಿನ ಡಬ್ಬಿ. ನಡುವೆ ಕಬ್ಬಿಣದ ಟೇಬಲ್ಲು. ಅದರ ಮೇಲಿರುವ ಕಪ್ಪು ಸಿಪಿಯು ಡಬ್ಬಿಯ ಪಕ್ಕದ ತಗಡನ್ನು ಒಬ್ಬ ಹುಡುಗಿ ಈಗಷ್ಟೇ ಬಿಚ್ಚಿಟ್ಟಿದ್ದಾಳೆ. ಕುರ್ಚಿಯಲ್ಲಿ ಕೂತ ಅಂಗಡಿಯ ಯಜಮಾನರು ಕನ್ನಡಕ ಸರಿಮಾಡಿಕೊಂಡು ಅವಳ ಕೈಯನ್ನೇ ನೋಡುತ್ತಿದ್ದಾರೆ.

"ಅದರಾಗ ನನ್ನ ಇಷ್ಟು ವರ್ಷದ ಕೆಲಸ ಐತಿ ನೋಡವಾ. ಒಂದ ಹಾಳಿ ಸುದ್ದಾ ಹೋಗಬಾರದು."

"ಹೋಗಂಗಿಲ್ರಿ ಕಾಕಾ. ನಿಮ್ಮ ಹಳೀ ಡಿಸ್ಕ್ ಮ್ಯಾಲೆ ನಾ ಇವತ್ತ ಏನೂ ಬರಿಯಂಗಿಲ್ಲ. ಬರೇ ಓದತೀನಿ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಇಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಕಾಕಾ 2012ರಲ್ಲಿ ಕೊಂಡ ಯಂತ್ರವಿದು. ಇಂಟೆಲ್‌ನ ಎರಡನೇ ತಲೆಮಾರಿನ ಐ3 ಪ್ರೊಸೆಸರ್, 2 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ವಾಟ್ನಿ ಪತ್ರ, ಖರೇದಿ ಕರಾರು, ವಂಶಾವಳಿಯ ಅಫಿಡವಿಟ್, ಉತಾರದಲ್ಲಿ ಹೆಸರು ತಿದ್ದಿಸುವ ಅರ್ಜಿ, ಬೆಳೆ ನಷ್ಟದ ತಕರಾರು: ಈ ತಾಲ್ಲೂಕಿನ ಎಷ್ಟೋ ಮನೆಗಳ ಜಗಳವೂ ರಾಜಿಯೂ ಇದರೊಳಗೆ ಕನ್ನಡದಲ್ಲಿ ಕೂತಿವೆ. ಯಂತ್ರ ಕೆಟ್ಟಿಲ್ಲ. ಗುಂಡಿ ಒತ್ತಿದರೆ ಇಂದಿಗೂ ಏಳುತ್ತದೆ. ಮುಗಿದಿರುವುದು ಅದರೊಳಗಿನ ತಂತ್ರಾಂಶದ ಕಾಲ. 2009ರಲ್ಲಿ ಬಂದ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ಅಂದಿನಿಂದ ಸಿಕ್ಕ ಭದ್ರತೆಯ ಬಿರುಕುಗಳಿಗೆ ಸಾಮಾನ್ಯ ಬಳಕೆದಾರರಿಗೆ ತೇಪೆ ಸಿಗುವುದಿಲ್ಲ. 2023ರ ಆರಂಭದಲ್ಲಿ ಕ್ರೋಮ್ ಬ್ರೌಸರ್ ಕೂಡ ವಿಂಡೋಸ್ 7ನ್ನು ಕೈಬಿಟ್ಟಿತು. 109ನೇ ಆವೃತ್ತಿಯೇ ಅದರ ಮೇಲೆ ನಡೆಯುವ ಕೊನೆಯ ಕ್ರೋಮ್. ನೋಂದಣಿ, ಉತಾರ, ಜಾತಿ-ಆದಾಯ ಪತ್ರ ಎಲ್ಲವೂ ಬ್ರೌಸರಿನ ಮೂಲಕವೇ ನಡೆಯುವ ಈ ಕಾಲದಲ್ಲಿ ಬ್ರೌಸರ್ ಹಳತಾದರೆ ಟೈಪಿಂಗ್ ಅಂಗಡಿಯ ಅರ್ಧ ಬಾಗಿಲು ಮುಚ್ಚಿದಂತೆಯೇ. ಕಾಕಾ ಇತ್ತೀಚೆಗೆ ಪೆನ್‌ಡ್ರೈವ್ ಹಿಡಿದು ಪಕ್ಕದ ಅಂಗಡಿಗೆ ಓಡಾಡುತ್ತಿದ್ದುದು ಇದಕ್ಕಾಗಿ.

ಹಾಗಾದರೆ ಯಾವುದಕ್ಕೆ ಏರಿಸುವುದು? ವಿಂಡೋಸ್ 10 ಈ ಯಂತ್ರದ ಮೇಲೆ ನಡೆಯುತ್ತದೆ. ಆದರೆ 2015ರ ಜುಲೈ 29ರಂದು ಬಂದ ಅದಕ್ಕೂ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಯುಇಎಫ್‌ಐ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್. ಎರಡನೇ ತಲೆಮಾರಿನ ಯಂತ್ರಕ್ಕೆ ಆ ಬಾಗಿಲು ತೆರೆಯದು. ಅಡ್ಡದಾರಿಯಲ್ಲಿ ನುಗ್ಗಿಸುವವರಿದ್ದಾರೆ. ಆದರೆ ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಕಂಪನಿಯೇ ಕೊಡುವುದಿಲ್ಲ. ಊರಿನ ಹೊಲಮನೆಗಳ ಕಾಗದ ಇರುವ ಯಂತ್ರವನ್ನು ಅಂಥ ನೆಲದ ಮೇಲೆ ನಿಲ್ಲಿಸಲು ಹುಡುಗಿ ಒಪ್ಪಲಿಲ್ಲ. ಅವಳು ತಂದಿರುವುದು ಲಿನಕ್ಸ್ ಮಿಂಟ್, 22ನೇ ಸರಣಿ, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಅದಕ್ಕೆ ಬೇಕಾದದ್ದು ಕನಿಷ್ಠ 2 ಜಿಬಿ ರ್‍ಯಾಮ್, ಆರಾಮಾಗಿ ನಡೆಯಲು 4 ಜಿಬಿ. ಬೆಂಬಲ 2029ರವರೆಗೆ. ಬೆಲೆ ಇಲ್ಲ.

ಮೊದಲು ನಕಲು. ತಗಡು ಬಿಚ್ಚಿದಂತೆಯೇ ಯಂತ್ರವನ್ನು ಹಳೆಯ ವಿಂಡೋಸಿನಲ್ಲೇ ಏಳಿಸಿ, ಬದಿಗೆ ಒಂದು ಹೊರ ಹಾರ್ಡ್ ಡಿಸ್ಕ್ ಚುಚ್ಚುತ್ತಾಳೆ. ಅವಳ ಬೆರಳು ನೇರ ಡಿ ಡ್ರೈವ್‌ಗೆ ಹೋಗುವುದಿಲ್ಲ, ಡೆಸ್ಕ್‌ಟಾಪಿಗೆ ಹೋಗುತ್ತದೆ. ನಮ್ಮ ಕಡೆ ಎಲ್ಲರೂ ಡಿ, ಇ ಎಂದು ಡ್ರೈವ್ ಮಾಡಿಸಿಟ್ಟು, ಕೊನೆಗೆ ದಿನನಿತ್ಯದ ಕೆಲಸವನ್ನೆಲ್ಲ ಡೆಸ್ಕ್‌ಟಾಪಿನ ಮೇಲೆಯೇ ಇಡುತ್ತೇವೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಮಾಡಿದಾಗ ಮೊದಲು ಅಳಿಯುವುದೇ ಅದು. ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಬ್ರೌಸರಿನ ಬುಕ್‌ಮಾರ್ಕು, ಸ್ಕ್ಯಾನ್ ಮಾಡಿದ ಚಿತ್ರಗಳು ಒಂದೊಂದಾಗಿ ದಾಟುತ್ತಿವೆ. ನಂತರ ಅವಳು ವಿಂಡೋಸಿನ ಫಾಂಟ್ಸ್ ಫೋಲ್ಡರ್ ತೆರೆದು "ನುಡಿ" ಎಂದು ಹೆಸರಿರುವ ಪ್ರತಿಯೊಂದು ಕಡತವನ್ನೂ ಆರಿಸುತ್ತಾಳೆ. ಫಾಂಟ್ ಮರೆತು ಬಂದರೆ ಏನಾಗುತ್ತದೆಂಬುದನ್ನು ಮಧ್ಯಾಹ್ನ ನೀವೇ ನೋಡುವಿರಿ.

ಹಸಿರು ಪಟ್ಟಿ ನಿಧಾನವಾಗಿ ಹರಿಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಪ್ರತಿ ಸಣ್ಣ ಕಡತಕ್ಕೂ ಹೊಸ ಜಾಗಕ್ಕೆ ಜಿಗಿಯಬೇಕು. ಒಂದು ದೊಡ್ಡ ಸಿನಿಮಾ ಕಡತಕ್ಕಿಂತ ಸಾವಿರಾರು ಪುಟ್ಟ ಅರ್ಜಿಗಳು ಹೆಚ್ಚು ಹೊತ್ತು ತಿನ್ನುವುದು ಅದಕ್ಕೇ. ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿ, ಆ ಜಿಗಿತದ ಕಟಕಟ ತಾಗುತ್ತದೆ. ನಕಲು ಮುಗಿದ ಮೇಲೆ ಅವಳು ಎರಡೂ ಕಡೆ ಕಡತಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡುತ್ತಾಳೆ. ಅಷ್ಟಕ್ಕೇ ಬಿಡದೆ ನಡುನಡುವಿನ ಕೆಲವು ಕಡತಗಳನ್ನು ನಕಲಿನಿಂದಲೇ ತೆರೆದು ಕಾಕಾಗೆ ಓದಿಸುತ್ತಾಳೆ. ಎಣಿಕೆ ಸರಿಯಿದ್ದರೂ ಕಡತ ತೆರೆಯದೇ ಹೋಗಬಹುದು. ತೆರೆದು ಓದಿದ ಮೇಲೆಯೇ ನಕಲು ನಕಲಾಗುವುದು.

ಯಂತ್ರ ಆರಿಸಿ, ಪ್ಲಗ್ ಕಿತ್ತು, ಹಾರ್ಡ್ ಡಿಸ್ಕಿನ ಎರಡು ವೈರು ಬಿಡಿಸುತ್ತಾಳೆ. ನಾಲ್ಕು ಸ್ಕ್ರೂ. ಡಿಸ್ಕ್ ಹೊರಗೆ. ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ ಇಂದಿನ ತಾರೀಖು ಬರೆದು ಕಾಕಾನ ಕೈಗೆ ಕೊಡುತ್ತಾಳೆ. "ಇದನ್ನ ತಿಜೋರ್‍ಯಾಗ ಇಡ್ರಿ. ಒಂದು ವರ್ಷ ಯಾರಿಗೂ ಕೊಡಬ್ಯಾಡ್ರಿ." ಕಾಕಾನ ಭುಜ ಸಡಿಲವಾಗುತ್ತದೆ. ಇನ್ನು ಏನೇ ಆದರೂ ಮೂಲ ಮೂಲದಂತೆಯೇ ಉಳಿಯುತ್ತದೆ.

ಈಗ ಡಬ್ಬಿಯೊಳಗೆ ಇಣುಕಿ. ಎರೆ ಹೊಲದ ಕಪ್ಪು ಧೂಳು ಫ್ಯಾನಿನ ರೆಕ್ಕೆಗಳಿಗೆ ಹತ್ತಿಯ ಹಾಗೆ ಮೆತ್ತಿದೆ. ಪೇಂಟಿನ ಮೆತ್ತನೆಯ ಬ್ರಷ್ಷಿನಿಂದ ಸಡಿಲಿಸಿ, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು ಬ್ಲೋಯರ್ ಹಿಡಿಯುತ್ತಾಳೆ. ಷಟರಿನ ಸಂದಿಯ ಬಿಸಿಲಲ್ಲಿ ಧೂಳು ಎದ್ದು ಹೋಗುತ್ತದೆ. ಪ್ರೊಸೆಸರಿನ ಮೇಲೆ ಒಣಗಿ ಸುಣ್ಣದಂತಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಕಡಲೆಕಾಳಿನಷ್ಟು ಹಚ್ಚುತ್ತಾಳೆ. ರ್‍ಯಾಮಿನ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಖಾಲಿ ಸ್ಲಾಟಿಗೆ 4 ಜಿಬಿಯ ಡಿಡಿಆರ್3 ಪಟ್ಟಿಯೊಂದನ್ನು ಕೂರಿಸುತ್ತಾಳೆ. ಎರಡೂ ತುದಿಯ ಕ್ಲಿಪ್ಪು ಟಪ್ ಎಂದಾಗಲೇ ಕೈ ತೆಗೆಯುವುದು. ಮದರ್‌ಬೋರ್ಡಿನ ಮೂಲೆಯಲ್ಲಿ ನಾಣ್ಯದಂಥ ಸೆಲ್ಲೊಂದಿದೆ. ಅದರ ಹೆಸರು 2032, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕರೆಂಟಿಲ್ಲದಾಗ ಯಂತ್ರಕ್ಕೆ ತಾರೀಖು ನೆನಪಿಡಿಸುವುದು ಇದೇ. ಸೆಲ್ ಸತ್ತರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಜಾರುತ್ತದೆ, ಆಗ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರದ ಅವಧಿಗೂ ಯಂತ್ರದ ತಾರೀಖಿಗೂ ತಾಳೆಯಾಗದೆ ಪುಟವೇ ತೆರೆಯದು. ಎಷ್ಟೋ ಜನ ನೆಟ್ ಕೆಟ್ಟಿದೆ ಎಂದುಕೊಳ್ಳುವುದು ಈ ಪುಟ್ಟ ಸೆಲ್ಲಿನ ದೆಸೆಯಿಂದ. ಅದನ್ನೂ ಬದಲಿಸುತ್ತಾಳೆ.

ಹಳೆಯ ಡಿಸ್ಕಿನ ಜಾಗಕ್ಕೆ ಹೊಸ ಎಸ್‌ಎಸ್‌ಡಿ ಬಂತು. ಅಂಗೈಯಗಲ, ತೂಕವೇ ಇಲ್ಲ. ತಿರುಗುವ ತಟ್ಟೆಯೂ ಇಲ್ಲ, ಜಿಗಿಯುವ ಮುಳ್ಳೂ ಇಲ್ಲ. ಈ ಹಳೆಯ ಬೋರ್ಡಿನ ಸಾಟಾ ಕಿಂಡಿ ಕಿರಿದು, ಎಸ್‌ಎಸ್‌ಡಿಯ ಪೂರ್ತಿ ವೇಗ ಅದರೊಳಗೆ ಹಿಡಿಸದು. ಆದರೂ ಕಡತ ಹುಡುಕಲು ಕಾಯುವ ಹೊತ್ತು ಇಲ್ಲವಾಗುವುದರಿಂದ ಯಂತ್ರ ಬೇರೆಯದೇ ಎನ್ನುವಂತಾಗುತ್ತದೆ. ಹಳೆಯ ಕಂಪ್ಯೂಟರಿಗೆ ಒಂದೇ ಒಂದು ಬಿಡಿಭಾಗ ಹಾಕಿಸುವಷ್ಟು ಹಣವಿದ್ದರೆ ಅದನ್ನು ಎಸ್‌ಎಸ್‌ಡಿಗೇ ಹಾಕಿ.

ಪೆನ್‌ಡ್ರೈವ್ ಅವಳು ಮಿಂಟ್ ಹಾಕಲೆಂದು ಮನೆಯಲ್ಲೇ ಸಿದ್ಧಮಾಡಿ ತಂದಿದ್ದಾಳೆ. ಇಳಿಸಿಕೊಂಡ ಐಎಸ್‌ಒ ಕಡತದ ಗುರುತನ್ನು, ಅಂದರೆ 64 ಅಂಕಿ-ಅಕ್ಷರಗಳ ಒಂದು ಸಾಲನ್ನು, ಮಿಂಟ್ ತಂಡ ಪ್ರಕಟಿಸಿದ ಸಾಲಿನೊಂದಿಗೆ ತಾಳೆ ನೋಡಿದ ಮೇಲೆಯೇ ಬರೆದದ್ದು. ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬದಲಾಗುತ್ತದೆ. ಇಳಿಸುವಾಗ ಕಡತ ಹಾಳಾಗಿಲ್ಲ, ನಡುವೆ ಯಾರೂ ಕೈಯಾಡಿಸಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಪೆನ್‌ಡ್ರೈವ್ ಚುಚ್ಚಿ, ಗುಂಡಿ ಒತ್ತಿ, ಎಫ್12 ಕೀಲಿಯನ್ನು ಬಡಿಯುತ್ತಾಳೆ. ಬೂಟ್ ಮೆನು. ಪಟ್ಟಿಯಿಂದ ಯುಎಸ್‌ಬಿ. ಕಪ್ಪು ಪರದೆ, ಹಸಿರು ಗುರುತು, ಆಮೇಲೆ ಪೂರ್ತಿ ಡೆಸ್ಕ್‌ಟಾಪ್. ಕಾಕಾ ಮುಂದಕ್ಕೆ ಬಾಗುತ್ತಾರೆ.

"ಆತೇನವಾ ಇಷ್ಟಕ್ಕ?"

"ಇನ್ನೂ ಏನೂ ಹಾಕಿಲ್ರಿ. ಇದು ಪೆನ್‌ಡ್ರೈವ್‌ನ್ಯಾಗಿಂದನ ನಡದೈತಿ. ಎಲ್ಲಾ ಸರಿ ಐತೇನು ನೋಡೂಣು, ಆಮ್ಯಾಲೆ ಹಾಕೂಣು."

ಲೈವ್ ಎಂದು ಕರೆಯುವ ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ಡಿಸ್ಕಿಗೆ ಒಂದಕ್ಷರವೂ ಇಳಿಯದೆ, ಇಡೀ ವ್ಯವಸ್ಥೆ ಪೆನ್‌ಡ್ರೈವ್‌ನಿಂದ ರ್‍ಯಾಮಿನಲ್ಲಿ ನಡೆಯುತ್ತದೆ. ವೈಫೈ ಹತ್ತಿತು. ಸ್ಪೀಕರಿನಲ್ಲಿ ಸದ್ದು ಬಂತು. ಪರದೆಯ ಅಳತೆ ಸರಿಯಿದೆ. ಸ್ಕ್ಯಾನರ್ ಕಾಣಿಸಿತು. ಆಗಲೇ ಅವಳು ಇನ್‌ಸ್ಟಾಲ್ ಚಿತ್ರದ ಮೇಲೆ ಎರಡು ಸಲ ಒತ್ತುವುದು. ಯಾವ ಡಿಸ್ಕ್ ಎಂದು ಕೇಳುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಬಿಟ್ಟರೆ ಇರುವುದು ಎಸ್‌ಎಸ್‌ಡಿ ಒಂದೇ, ಹಳೆಯದು ತಿಜೋರಿಯಲ್ಲಿದೆ. ಎಲ್ಲ ಅಳಿಸಿ ಸ್ಥಾಪಿಸು ಎಂಬ ಭಯದ ವಾಕ್ಯಕ್ಕೆ ಅವಳು ನಿಶ್ಚಿಂತೆಯಿಂದ ಹೂಂ ಅನ್ನುತ್ತಾಳೆ. ಭೂಪಟದಲ್ಲಿ ಭಾರತದ ಮೇಲೆ ಒತ್ತಿದರೆ ಕೋಲ್ಕತ್ತಾದ ಸಮಯ. ಹೆಸರು, ಪಾಸ್‌ವರ್ಡ್. ಕಾಕಾ ಚಹಾ ತರಿಸುತ್ತಾರೆ. ಚಹಾ ಮುಗಿದು ಕಪ್ಪು ತೊಳೆದಿಡುವ ಹೊತ್ತಿಗೆ ಯಂತ್ರ ಮರುಚಾಲನೆ ಕೇಳುತ್ತಿದೆ.

ನನಗೆ ಈ ದಿನದ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ವ್ಯವಸ್ಥೆ ಏಳುವುದು ದೊಡ್ಡ ಮಾತಲ್ಲ. ಅದರಲ್ಲಿ ಕಾಕಾನ ಕನ್ನಡ ಏಳಬೇಕು.

"ನನ್ನ ಬೆರಳಿಗೆ ನುಡಿ ಅಷ್ಟ ಗೊತ್ತು. ಬ್ಯಾರೆ ಕೀಬೋರ್ಡ್ ಈ ವಯಸ್ಸಿನ್ಯಾಗ ಕಲಿಯಾಕ ಆಗಂಗಿಲ್ಲ," ಎನ್ನುತ್ತಾರೆ ಕಾಕಾ.

"ಅದ ಕೀಬೋರ್ಡ್ ಇದರಾಗೂ ಐತ್ರಿ. ಕುಂದರ್ರಿ."

ಅವಳು ಇನ್‌ಪುಟ್ ಮೆಥಡ್ ಎಂಬಲ್ಲಿ ಕನ್ನಡ ಹಾಕಿಸಿ, ಪಟ್ಟಿಯಿಂದ ಕೆಜಿಪಿ ಎಂಬುದನ್ನು ಆರಿಸುತ್ತಾಳೆ. ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಕೊಟ್ಟ ವಿನ್ಯಾಸವೇ ಇದು. ಇದರ ಬೇರು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿದೆ. ಕಾಕಾ ಎರಡೂ ಕೈ ಇಳಿಸಿ, ಪರದೆ ನೋಡದೆ ಐದು ಕೀಲಿ ಒತ್ತುತ್ತಾರೆ: ಕೆ, ಎನ್, ಎಫ್, ಎನ್, ಡಬ್ಲ್ಯೂ. ತಲೆ ಎತ್ತಿ ನೋಡಿದರೆ ಪರದೆಯ ಮೇಲೆ "ಕನ್ನಡ" ನಿಂತಿದೆ. ಅವರ ಬೆರಳು ಹೊಸದೇನನ್ನೂ ಕಲಿಯಲಿಲ್ಲ. ಆದರೆ ಯಂತ್ರದೊಳಗೆ ಬರೆಯಲ್ಪಟ್ಟದ್ದು ಪೂರ್ತಿ ಬೇರೆ.

ಆ ವ್ಯತ್ಯಾಸ ನೋಡಲು ಹುಡುಗಿ ನಕಲಿನಿಂದ ಹಳೆಯ ವಾಟ್ನಿ ಪತ್ರವೊಂದನ್ನು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತಾಳೆ. ಕಾಕಾ ಎದ್ದೇ ನಿಲ್ಲುತ್ತಾರೆ. ಪುಟದ ತುಂಬ ಗೀರು ಹೊತ್ತ ಇಂಗ್ಲಿಷ್ ಎ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಕನ್ನಡದ ಒಂದಕ್ಷರವಿಲ್ಲ. ಅವಳು ಬೆಳಿಗ್ಗೆ ಆರಿಸಿ ತಂದ ನುಡಿ ಫಾಂಟುಗಳನ್ನು ಹೊಸ ವ್ಯವಸ್ಥೆಯ ಫಾಂಟ್ ಫೋಲ್ಡರಿಗೆ ಹಾಕಿ ಮತ್ತೆ ತೆರೆದಾಗ ಅಣ್ಣತಮ್ಮಂದಿರ ಹೆಸರು, ಚಕ್ಕುಬಂದಿ, ಸಾಕ್ಷಿದಾರರ ಸಾಲು ಎಲ್ಲ ಸ್ವಸ್ಥಾನಕ್ಕೆ ಬರುತ್ತವೆ.

ಆಗಿದ್ದಿಷ್ಟು. ಆಸ್ಕಿ ಕನ್ನಡ ಎಂದು ನಾವು ಕರೆಯುವ ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳು. ಫಾಂಟ್ ಎಂಬುದು ಆ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸಿ ತೋರಿಸುತ್ತದೆ. ಪೌಂಡ್ ಚಿಹ್ನೆಯ ಮನೆಯಲ್ಲಿ ನಕಾರದ ಮೈ, ಇಂಗ್ಲಿಷ್ ಪಿ ಅಕ್ಷರದ ಮನೆಯಲ್ಲಿ ಕಕಾರದ ಮೈ. ಫಾಂಟ್ ಹೋದರೆ ಭಾಷೆಯೇ ಹೋಯಿತು. ಕಂಪ್ಯೂಟರುಗಳಿಗೆ ಕನ್ನಡ ಬಾರದಿದ್ದ ಕಾಲದಲ್ಲಿ ಕನ್ನಡಿಗರು ಕಂಡುಕೊಂಡ ದಾರಿ ಅದು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ, ಆಮೇಲೆ ಸರ್ಕಾರಿ ಕಚೇರಿಗಳಿಗೆಲ್ಲ ನುಡಿ ಬಂದವು. ಕನ್ನಡದಲ್ಲಿ ಕಚೇರಿ ನಡೆಸಬಹುದೆಂದು ತೋರಿಸಿದ್ದು ಇವೇ, ಆ ಋಣ ದೊಡ್ಡದು. ಆದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಕೇರಿಯಿತ್ತು: 3200ರಿಂದ 3327ರವರೆಗಿನ ಸಂಖ್ಯೆಗಳು. ಅಲ್ಲಿ ಕನ್ನಡದ ಅಕ್ಷರವಲ್ಲದೆ ಬೇರೆ ಲಿಪಿಯದು ವಾಸವಿಲ್ಲ. ಕಾಕಾ ಈಗ ಒತ್ತಿದ ಐದು ಕೀಲಿಗಳು ಐದು ಸಂಖ್ಯೆಗಳಾಗಿ ಕೂತಿವೆ: ಕಕಾರಕ್ಕೆ 3221, ನಕಾರಕ್ಕೆ 3240, ಎಫ್ ಒತ್ತಿ ತಂದ, ಒತ್ತಕ್ಷರ ಕಟ್ಟುವ ವಿರಾಮ ಚಿಹ್ನೆಗೆ 3277, ಮತ್ತೆ 3240, ಡಕಾರಕ್ಕೆ 3233. ಗುಬ್ಬಿ ಫಾಂಟಿನಲ್ಲಾದರೂ ಸರಿ, ನವಿಲು ಫಾಂಟಿನಲ್ಲಾದರೂ ಸರಿ, ಮೊಬೈಲಿನಲ್ಲೋ ಅಮೆರಿಕದ ಕಂಪ್ಯೂಟರಿನಲ್ಲೋ ತೆರೆದರೂ ಸರಿ, ಅದು ಕನ್ನಡವಾಗಿಯೇ ಕಾಣುತ್ತದೆ.

ಹೀಗಾಗಿ ಹಳೆಯ ಪತ್ರಗಳನ್ನೂ ಯೂನಿಕೋಡಿಗೆ ದಾಟಿಸಬೇಕು. ಕನ್ನಡದ ಉತ್ಸಾಹಿಗಳು ಬರೆದು ಉಚಿತವಾಗಿ ಕೊಟ್ಟ ಪರಿವರ್ತಕಗಳಿವೆ. ಅವಳು ಆರಿಸಿಕೊಂಡದ್ದು ನೆಟ್ ಇಲ್ಲದೆ ಯಂತ್ರದಲ್ಲೇ ನಡೆಯುವ ಒಂದನ್ನು. ಜನ ಕಾಕಾನನ್ನು ನಂಬಿ ಬರೆಸಿದ ಕಾಗದಗಳಿವು, ಯಾವುದೋ ಜಾಲತಾಣದ ಪೆಟ್ಟಿಗೆಗೆ ಅಂಟಿಸುವಂಥವಲ್ಲ. ಒಂದು ಪತ್ರ ದಾಟಿತು. ಇಬ್ಬರೂ ಹಳೆಯ ಪ್ರಿಂಟ್ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲಾಗಿ ಓದುತ್ತಾರೆ. ನೀವೂ ಓದಿ. "ಕರ್ನಾಟಕ"ದಲ್ಲಿ ಅರ್ಕಾವೊತ್ತು ನೋಡಿ: ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ನಾ ಆದ ಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ತಂದಿದೆ, ಸರಿಯಾಗಿದೆ. ಆದರೆ ಪ್ಯಾನ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದ ಕಡೆ ಅರ್ಥವಿಲ್ಲದ ಕನ್ನಡ ಚೂರುಗಳು ಬಿದ್ದಿವೆ. ಅದು ನಿಜವಾದ ಇಂಗ್ಲಿಷೋ ವೇಷ ಹಾಕಿದ ಕನ್ನಡವೋ ಎಂದು ಬರಿಯ ಸಂಖ್ಯೆ ನೋಡಿ ಹೇಳಲಾಗದು. ಹುಡುಗಿ ಅದನ್ನು ಕೈಯಿಂದ ತಿದ್ದುತ್ತಾಳೆ. ಕಾಕಾ ಸರ್ವೆ ನಂಬರಿನ ಪ್ರತಿ ಅಂಕಿಯ ಮೇಲೂ ಬೆರಳಿಟ್ಟು ಓದುತ್ತಾರೆ. ಒಂದು ಅಂಕಿ ಜಾರಿದರೆ ಒಬ್ಬರ ಹೊಲ ಇನ್ನೊಬ್ಬರದಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಿಲ್ಲ.

ಪ್ರಿಂಟರ್ ಉಳಿದಿದೆ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ತಮ್ಮ ಫರ್ಮ್‌ವೇರನ್ನು ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರೇ ಅದನ್ನು ಕಳುಹಿಸಬೇಕು. ಇದೂ ಅಂಥದ್ದೇ. ಅವಳು ತಯಾರಕರ ಪ್ಲಗಿನ್ ಇಳಿಸಿ ಸೇರಿಸಿದ ಮೇಲೆ ಪ್ರಿಂಟರ್ ಗೊರಗುಟ್ಟಿ ಎಚ್ಚರವಾಗುತ್ತದೆ. ನಂತರ ಕಾಗದದ ಅಳತೆ: ಅಗಲ ಎಂಟೂವರೆ ಇಂಚು, ಉದ್ದ 14 ಇಂಚು. ಛಾಪಾ ಕಾಗದದ ಮುದ್ರೆಗೆ ಮೊದಲ ಪುಟದ ಮೇಲ್ಭಾಗ ಖಾಲಿ. ಆ ಅಳತೆಯನ್ನು ಮಾದರಿ ಕಡತವಾಗಿ ಉಳಿಸುತ್ತಾಳೆ. ಖಾಲಿ ಹಾಳೆಯ ಮೇಲೆ ತೆಗೆದ ಪ್ರತಿಯನ್ನು ಕಾಕಾ ಹಳೆಯದರ ಮೇಲಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಸಾಲಿಗೆ ಸಾಲು ಕೂತಿದೆ. ಕೊನೆಗೆ ಅವಳು ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಈಗಿನ ಸ್ಥಿತಿಯ ಪ್ರತಿಯೊಂದನ್ನು ತೆಗೆದಿಡುತ್ತಾಳೆ. ಮುಂದೆ ಯಾವುದೋ ಅಪ್‌ಡೇಟ್ ತೊಡಕಾದರೆ ಈ ಸ್ಥಿತಿಗೆ ಮರಳಬಹುದು.

ಸಂಜೆಯ ಹೊತ್ತಿಗೆ 2012ರ ಒಂದು ಫೋಲ್ಡರ್ ಪೂರ್ತಿ ದಾಟಿದೆ. ಪ್ರತಿ ಪತ್ರದ ಜೊತೆಗೆ ಬರಿಯ ಪಠ್ಯದ ಪ್ರತಿಯೂ ಇದೆ. ಹುಡುಗಿ ಹುಡುಕುವ ಪೆಟ್ಟಿಗೆಯನ್ನು ಕಾಕಾನ ಮುಂದಿಡುತ್ತಾಳೆ. ಅವರು ಒಂದು ಹಳ್ಳಿಯ ಹೆಸರನ್ನು ಕನ್ನಡದಲ್ಲಿ ಹೊಡೆಯುತ್ತಾರೆ. ಆ ಹಳ್ಳಿಯ ಮಾತು ಬಂದ ಪತ್ರಗಳಷ್ಟೂ ಸಾಲಾಗಿ ಬರುತ್ತವೆ. ಇಷ್ಟು ವರ್ಷ ಯಾರಾದರೂ ಹಳೆಯ ಪ್ರತಿ ಕೇಳಿ ಬಂದರೆ ಕಾಕಾ ಇಂಗ್ಲಿಷಿನಲ್ಲಿ ಕೊಟ್ಟ ಕಡತದ ಹೆಸರು ಜ್ಞಾಪಿಸಿಕೊಂಡು ಒಂದೊಂದೇ ತೆರೆದು ನೋಡಬೇಕಿತ್ತು. ತಾವು ಬರೆದ ಕನ್ನಡವನ್ನು ಕನ್ನಡದಲ್ಲಿ ಹುಡುಕಲು ಅವರಿಗೆ ಇಂದು ಸಾಧ್ಯವಾಯಿತು.

"ಉಳದದ್ದು ದಿನಾ ಒಂದಿಷ್ಟು ಮಾಡೂಣು. ಮೊದಲ ವಾಟ್ನಿ, ಆಮ್ಯಾಲೆ ಖರೇದಿ. ಅರ್ಜಿ ಕಡೀಗೆ," ಎಂದು ಕಾಕಾ ಆಗಲೇ ಸರದಿ ಹಾಕುತ್ತಿದ್ದಾರೆ.

ಆ ಸರದಿ ಸರಿಯಾಗಿದೆ. ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಹೀಗೆ ಗಡುವು ಮೀರಿದ ಯಂತ್ರವೊಂದಿದ್ದರೆ, ಅದನ್ನು ಗುಜರಿಗೆ ಹಾಕುವ ಮೊದಲು ಅದರೊಳಗಿನ ಕನ್ನಡ ಯಾವ ಪದ್ಧತಿಯಲ್ಲಿದೆ ಎಂದು ನೋಡಿ. ಕಡತಗಳ ಜೊತೆ ಫಾಂಟುಗಳನ್ನೂ ನಕಲು ಮಾಡಿ. ಹಳೆಯ ಡಿಸ್ಕನ್ನು ಬಿಚ್ಚಿ ಕಾಪಾಡಿ, ಹೊಸ ವ್ಯವಸ್ಥೆಯನ್ನು ಹೊಸ ಡಿಸ್ಕಿನ ಮೇಲೆ ಹಾಕಿ. ಆಮೇಲೆ, ಕಳೆದುಕೊಂಡರೆ ಮತ್ತೆ ಬರೆಯಲಾಗದ ಕಡತಗಳಿಂದ ಶುರುಮಾಡಿ ಒಂದೊಂದನ್ನೂ ಯೂನಿಕೋಡಿಗೆ ತನ್ನಿ. ಲಿನಕ್ಸ್ ಮಿಂಟ್‌ನ ಈ ಸರಣಿಗೂ 2029ರಲ್ಲಿ ಗಡುವು ಬರುತ್ತದೆ, ಅದರ ನಂತರದ್ದಕ್ಕೂ ಬರುತ್ತದೆ. ಯೂನಿಕೋಡಿನಲ್ಲಿ 3221 ಎಂದರೆ ಕಕಾರವೆಂಬುದು ಮಾತ್ರ ಮುಂದೆ ಬದಲಾಗದಂತೆ ಗೊತ್ತುಮಾಡಿದ ನಿಯಮ. ಅದರ ಮೇಲೆ ಬರೆದಿಟ್ಟರೆ ಮುಂದಿನ ಸಲ ಯಂತ್ರವನ್ನಷ್ಟೇ ಬದಲಿಸಿದರೆ ಸಾಕು.